ಅರ್ಧ ಸುಣ್ಣದ ಧ್ವನಿ ಸಂದೇಶ: ಅಡಕೆ ತೋಟಿಗರ ಆನ್‌ಲೈನ್ ಕೋರ್ಸೊಂದರ ಪ್ರಕರಣ

ಹಿನ್ನೆಲೆ

ಅಡಕೆ ತೋಟದ ರೋಗ ನಿರ್ವಹಣೆಯ ಬಗ್ಗೆ ಎಂಟು ವಾರದ ಆನ್‌ಲೈನ್ ಕೋರ್ಸು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನವರು ಹೆಚ್ಚು, ಕುಮಟಾ ಹೊನ್ನಾವರ ಕಡೆಯವರು ಸ್ವಲ್ಪ, ಒಟ್ಟು 42 ಮಂದಿ. ವೀಡಿಯೊ ಪಾಠ ಮತ್ತು ಪ್ರಶ್ನಾವಳಿ ಕಲಿಕಾ ತಂತ್ರಾಂಶವಾದ ಮೂಡಲ್‌ನಲ್ಲಿ, ಭಾನುವಾರ ಸಂಜೆ ನೇರ ತರಗತಿ, ಉಳಿದ ಮಾತೆಲ್ಲ ವಾಟ್ಸ್ಯಾಪ್ ಗುಂಪಿನಲ್ಲಿ. ಮೂಡಲ್‌ನಲ್ಲೂ ಚರ್ಚೆಗೆ ಜಾಗ ಇತ್ತು, ಆದರೆ ಪಾಸ್‌ವರ್ಡ್ ನೆನಪಿಟ್ಟು ಅಲ್ಲಿಗೆ ಹೋಗಿ ಬರೆಯುವವರು ಇರಲಿಲ್ಲ. ಬೋಧಕರು ಇಬ್ಬರು: ಕೃಷಿ ಪದವಿ ಪಡೆದ ಬೋಧಕಿ ಮತ್ತು ಅವರಿಗೆ ನೆರವಾಗಿ ನಿವೃತ್ತ ಹೈಸ್ಕೂಲ್ ಮಾಸ್ತರು. ಕಲಿಯುವವರ ಗುರುತು ಸಿಗದಂತೆ ಊರು, ವಯಸ್ಸು, ತೋಟದ ವಿವರ ಬದಲಿಸಲಾಗಿದೆ.

ಕೋರ್ಸು ಶುರುವಾದದ್ದು ಮೇ ಮೂರನೇ ವಾರ. ಅದನ್ನು ಬೇಕೆಂದೇ ಆರಿಸಿದ್ದು. ಮಳೆಗಾಲದಲ್ಲಿ ಎಳೆಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಮೊದಲ ಮದ್ದು ಮಳೆಗಾಲ ಹಿಡಿಯುವ ಮೊದಲು ಬೀಳಬೇಕು, ಎರಡನೆಯದು 40ರಿಂದ 45 ದಿನ ಬಿಟ್ಟು. ಅಂದರೆ ಪಾಠ ಮತ್ತು ತೋಟದ ಕೆಲಸ ಜೊತೆಜೊತೆಗೇ ನಡೆಯುತ್ತವೆ. ಆದರೆ ಈ ಹೊಂದಾಣಿಕೆಗೆ ಇನ್ನೊಂದು ಮುಖವೂ ಇತ್ತು. ಗುಂಪಿನಲ್ಲಿ ಇಂದು ರಾತ್ರಿ ಬಿದ್ದ ಮಾತು ನಾಳೆ ಬೆಳಿಗ್ಗೆ ಯಾರದೋ ತೋಟದಲ್ಲಿ ಮದ್ದಾಗಿ ಮರ ಹತ್ತಿಬಿಡುತ್ತದೆ. ಜೊತೆಗೆ ಗಾಳಿ ಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ, ಸ್ವಲ್ಪ ಹೊತ್ತಿನಲ್ಲೇ ಟವರೂ ನಿಲ್ಲುತ್ತದೆ. ಆಮೇಲೆ ಗುಡ್ಡ ಹತ್ತಿದಾಗ ಮಾತ್ರ ಸಿಗ್ನಲ್ಲು.

ಮೊದಲ ಎರಡು ವಾರ

ಬೋಧಕಿ ವಿಷಯ ಬಲ್ಲವರು, ಚುರುಕು, ಸೋಮಾರಿತನದ ಗಂಧವೂ ಇಲ್ಲದವರು. ಪ್ರಶ್ನೆ ಬಂದ ಹತ್ತು ನಿಮಿಷದೊಳಗೆ ಉತ್ತರ. ರಾತ್ರಿ ಹನ್ನೊಂದಕ್ಕೆ ಕೇಳಿದರೂ ಉತ್ತರ. "ಮಿಳ್ಳೆ (ಎಳೆಕಾಯಿ) ಉದುರ್ತಾ ಇದೆ, ಎಂತ ಮಾಡೂದು ಮೇಡಂ?" ಅಂದರೆ ಕಾರಣ ಮೂರು, ಪರಿಹಾರ ಮೂರು. ದಿನಕ್ಕೆ ಮೂರು ತಾಸು ಇದಕ್ಕೇ ಹೋಗುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಗುಂಪು ಬಹಳ ಜೀವಂತ.

ಮಾಸ್ತರಿಗೆ ಅನುಮಾನ ಬಂದದ್ದು ಎರಡನೇ ವಾರ. ಅವರು ಒಂದು ದಿನದ 31 ಸಂದೇಶಗಳನ್ನು ಹಿಡಿದು, ಕಾಗದದ ಮೇಲೆ ಹೆಸರುಗಳನ್ನು ವೃತ್ತಾಕಾರವಾಗಿ ಬರೆದು, ಯಾರು ಯಾರಿಗೆ ಉತ್ತರಿಸಿದರು ಎಂದು ಬಾಣ ಎಳೆದರು. 26 ಬಾಣಗಳು ಒಂದೋ ಬೋಧಕಿಯಿಂದ ಹೊರಟಿದ್ದವು, ಇಲ್ಲವೋ ಅವರಿಗೆ ತಲುಪಿದ್ದವು. ತೋಟಿಗರಿಂದ ತೋಟಿಗರಿಗೆ ಐದೇ ಬಾಣ, ಅದರಲ್ಲಿ ಮೂರು ಶುಭಾಶಯ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಇದು, ಯಾವ ತಂತ್ರಾಂಶವೂ ಬೇಡ. ಚರ್ಚೆ ನಡೆಸುವ ಯಾರೇ ಆದರೂ ವಾರಕ್ಕೊಮ್ಮೆ ಇದನ್ನು ಮಾಡಬಹುದು. ಸಂದೇಶಗಳ ಸಂಖ್ಯೆ ನೋಡಿ ಚರ್ಚೆ ಚೆನ್ನಾಗಿದೆ ಎಂದುಕೊಳ್ಳುವವರಿಗೆ ಈ ಚಿತ್ರ ಒಳ್ಳೆಯ ಮದ್ದು.

ಕಾರಣ ಸರಳ. ಸರಿಯಾದ ಉತ್ತರ ಹತ್ತು ನಿಮಿಷದಲ್ಲಿ ಬಂದುಬಿಟ್ಟರೆ, ಬೇರೆಯವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಮೂವತ್ತು ವರ್ಷ ತೋಟ ಮಾಡಿದವರು ಕೃಷಿ ಓದಿದವರ ಉತ್ತರದ ಕೆಳಗೆ "ನಮ್ಮಲ್ಲಿ ಹಾಗಲ್ಲ" ಎಂದು ಬರೆಯಲು ಹಿಂಜರಿಯುತ್ತಾರೆ. ಬರೆದರೂ ಅದು ಎದುರುತ್ತರದಂತೆ ಕಾಣುತ್ತದೆ.

ಮೊದಲ ವಾರ ಮಾಡದೆ ಬಿಟ್ಟದ್ದೂ ಇತ್ತು. ಆನ್‌ಲೈನ್ ಚರ್ಚೆ ನಡೆಸುವವರಿಗಾಗಿ ಗಿಲ್ಲಿ ಸಾಲ್ಮನ್ ರೂಪಿಸಿದ ಐದು ಹಂತದ ಮಾದರಿಯಲ್ಲಿ ಮೊದಲೆರಡು ಹಂತ ಪಾಠದ್ದಲ್ಲ. ಒಂದು, ಒಳಗೆ ಬರಲು ಆಗುವುದು. ಇನ್ನೊಂದು, ಒಬ್ಬರಿಗೊಬ್ಬರು ಪರಿಚಯವಾಗುವುದು. ಮಾಹಿತಿ ವಿನಿಮಯ ಮೂರನೆಯದು. ಇಲ್ಲಿ "ಎಲ್ಲರೂ ಪರಿಚಯ ಮಾಡಿಕೊಳ್ಳಿ" ಎಂಬ ಒಂದು ಸಾಲು ಹಾಕಿ ನೇರ ಮೂರಕ್ಕೆ ಜಿಗಿದಿದ್ದರು. ಹೆಸರು, ಊರು, ನಮಸ್ಕಾರ ಬಂದವು. ಯಾರ ತೋಟ ಕಣಿವೆಯಲ್ಲಿದೆ, ಯಾರದು ಬಿಸಿಲಿಗೆ ಬಿದ್ದಿದೆ, ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಬರುತ್ತಾರೋ ಉದ್ದ ಕೋಲಿನ ದೋಟಿ ಹಿಡಿದು ತಾವೇ ಹೊಡೆಯುತ್ತಾರೋ ಯಾರಿಗೂ ತಿಳಿಯಲಿಲ್ಲ. ಮುಂದೆ ಬಂದ ತೊಡಕಿನ ಬೇರು ಇದೇ.

ಅಳಿಸಿದ ರಾತ್ರಿ

ಮೂರನೇ ವಾರ, ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣದ ಪಾಠ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. 50 ಲೀಟರಿನಲ್ಲಿ ತುತ್ತ, 50 ಲೀಟರಿನಲ್ಲಿ ಸುಣ್ಣ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಅಂದು ಮಾಡಿದ್ದು ಅಂದೇ ಮುಗಿಯಬೇಕು. ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನ ಮಾಡಿ ನೂರು ವರ್ಷ ಮೀರಿತು. ಬೋರ್ಡೋ ಮಲೆನಾಡಿನ ತೋಟಿಗರಿಗೆ ಹೊಸದೇನಲ್ಲ. ಪ್ರತಿ ಮನೆಯಲ್ಲೂ ಒಂದೊಂದು ಕೈಗುಣ ಇದೆ.

ಅಂದು ರಾತ್ರಿ ಗುಂಪಿನ ಹಿರಿಯ ತೋಟಿಗರೊಬ್ಬರು ಎರಡೂಮುಕ್ಕಾಲು ನಿಮಿಷದ ಧ್ವನಿ ಸಂದೇಶ ಹಾಕಿದರು. ಸುಣ್ಣ ಒಂದು ಕಿಲೋ ಬೇಕಾಗಿಲ್ಲ, ಅರ್ಧ ಸಾಕು, ಒಂದು ಕಿಲೋ ಹಾಕಿದರೆ ನಾಝಲ್ ಕಟ್ಟಿಕೊಂಡು ಕೊನೆಗೌಡರಿಗೆ ಮರದ ಮೇಲೆ ಕುಳಿತು ಬೈಯುವುದೇ ಕೆಲಸ, ಇದು ಅವರ ಮಾತಿನ ಸಾರ. ಕೊನೆಗೆ, ಹುಳದ ಔಷಧಿಯನ್ನೂ ಅದಕ್ಕೇ ಬೆರೆಸಿದರೆ ಒಂದೇ ಹತ್ತುವಿಕೆಯಲ್ಲಿ ಎರಡು ಕೆಲಸ ಎಂದೂ ಸೇರಿಸಿದರು. ಮರ ಹತ್ತುವವರೇ ಸಿಗದ ಕಾಲದಲ್ಲಿ ಈ ಸಲಹೆ ಎಷ್ಟು ಹಿತವಾಗಿ ಕೇಳಿಸುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹದಿನಾಲ್ಕು ಹೆಬ್ಬೆರಳು ಬಿದ್ದವು.

ಬೋಧಕಿಗೆ ದಿಗಿಲಾಯಿತು. ಸುಣ್ಣ ಕಡಿಮೆಯಾದರೆ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿದು ಎಳೆಕಾಯಿ ಸುಡುತ್ತದೆ. ಬೋರ್ಡೋ ಕ್ಷಾರೀಯ, ಹೆಚ್ಚಿನ ಕೀಟನಾಶಕಗಳು ಅದರ ಜೊತೆ ಸೇರಿದರೆ ಕೆಡುತ್ತವೆ. ಎರಡು ದಿನದಲ್ಲಿ ಹಲವರು ಮದ್ದು ಹೊಡೆಸುವವರಿದ್ದರು. ಅಡ್ಮಿನ್ ಆಗಿದ್ದರಿಂದ ಅವರು ಸಂದೇಶವನ್ನು ಎಲ್ಲರಿಗೂ ಕಾಣದಂತೆ ಅಳಿಸಿ, ಕೆಳಗೆ ಬರೆದರು: "ತಪ್ಪು ಮಾಹಿತಿ. ದಯವಿಟ್ಟು ಯಾರೂ ಅನುಸರಿಸಬೇಡಿ."

ವಾಟ್ಸ್ಯಾಪ್‌ನಲ್ಲಿ ಅಡ್ಮಿನ್ ಅಳಿಸಿದರೆ ಸಂದೇಶ ಹೋಗುತ್ತದೆ, ಜಾಗ ಹೋಗುವುದಿಲ್ಲ. ಇಂಥ ಅಡ್ಮಿನ್ ಅಳಿಸಿದ್ದಾರೆ ಎಂಬ ಸಾಲು ಹೆಸರು ಸಮೇತ ಅಲ್ಲೇ ಉಳಿಯುತ್ತದೆ. 42 ಮಂದಿಯ ಎದುರು ಹಿರಿಯರೊಬ್ಬರ ಬಾಯಿ ಮುಚ್ಚಿಸಿದ ಗುರುತು ಅದು.

ಮೂರು ದಿನ ಗುಂಪಿನಲ್ಲಿ ಒಂದೂ ಪ್ರಶ್ನೆ ಬರಲಿಲ್ಲ. ಇಬ್ಬರು ಹೊರಗೆ ಹೋದರು. ನಾಲ್ಕನೇ ದಿನ ಕುಮಟಾ ಕಡೆಯ ಮಹಿಳೆಯೊಬ್ಬರು ಬೇರೆ ಏನೋ ಕೇಳಲು ಮಾಸ್ತರಿಗೆ ಫೋನು ಮಾಡಿದಾಗ ಬಾಯಿತಪ್ಪಿ ಹೇಳಿದರು: ಬೋಧಕರಿಲ್ಲದ ಇನ್ನೊಂದು ಗುಂಪು ಹುಟ್ಟಿದೆ, ಅಲ್ಲಿ ಆ ಧ್ವನಿ ಸಂದೇಶ ಓಡಾಡುತ್ತಿದೆ. ಅಳಿಸುವ ಮೊದಲೇ ಕೆಲವರು ಅದನ್ನು ಬೇರೆಡೆ ಕಳಿಸಿದ್ದರು. ತಡೆಯಲು ಹೊರಟ ಮಾತು ತಿದ್ದುವವರೇ ಇಲ್ಲದ ಕಡೆ ಹೋಗಿ ಕುಳಿತಿತ್ತು.

ಬೋಧಕಿ ಅವಸರ ಮಾಡಿದ್ದು ತಪ್ಪೆಂದು ಹಲವರು ಆಮೇಲೆ ಹೇಳಿದರು. ಈ ಬರಹದ ಅಭಿಪ್ರಾಯ ಬೇರೆ. ಸುಟ್ಟ ಮಿಳ್ಳೆ ಮತ್ತೆ ಬರುವುದಿಲ್ಲ, ಆ ರಾತ್ರಿಯೇ ಏನಾದರೂ ಹೇಳಲೇಬೇಕಿತ್ತು. ಎಡವಿದ್ದು ಹೇಳಿದ ರೀತಿಯಲ್ಲಿ. ಮಾತನ್ನು ತಿದ್ದುವ ಬದಲು ಮನುಷ್ಯನನ್ನು ಅಳಿಸಿದಂತಾಯಿತು. ಏಕೆ ತಪ್ಪು ಎಂಬುದಕ್ಕೆ ಒಂದು ಸಾಲಿನ ಕಾರಣವೂ ಇರಲಿಲ್ಲ. ಹಿರಿಯರಿಗೆ ಫೋನು ಹೋಗಲಿಲ್ಲ. ಹಾಗೂ, ಅವರು ಹೇಳಿದ್ದರಲ್ಲಿ ಎಷ್ಟು ತಪ್ಪು ಎಂದು ಯಾರೂ ಕೇಳಲಿಲ್ಲ.

ಮಾಡಿ ನೋಡಿದ್ದು

ಮೊದಲು ಮಾಡಿದ್ದು ನಿಯಮಾವಳಿ. ಗುಂಪಿನಲ್ಲಿ ಏನು ಹಾಕಬಹುದು, ಏನು ಹಾಕಬಾರದು ಎಂದು ಹದಿನಾಲ್ಕು ಅಂಶದ ಪಿಡಿಎಫ್. ಅದನ್ನು ತೆರೆದವರು ಯಾರೂ ಇದ್ದಂತಿಲ್ಲ. ಮೌನ ಮುರಿಯಲಿಲ್ಲ.

ಆಮೇಲೆ ಮಾಸ್ತರು ಹಿರಿಯರಿಗೆ ಫೋನು ಮಾಡಿದರು. ಮೊದಲ ಹತ್ತು ನಿಮಿಷ ಮಳೆ, ಕರೆಂಟು, ಚಾಲಿ ಅಡಕೆಯ ದರ. ಅದಾದ ಮೇಲೆ ಹಿರಿಯರೇ ವಿಷಯಕ್ಕೆ ಬಂದರು: "ಮಾಸ್ತ್ರೇ, ಮೂವತ್ತು ವರ್ಷಾತು ಮದ್ದು ಹೊಡಿಸ್ತಾ ಇದ್ದಿ. ಒಂದು ಮಿಳ್ಳೆನೂ ಸುಟ್ಟಿದ್ದಿಲ್ಲೆ." ಮಾಸ್ತರು ವಾದ ಮಾಡಲಿಲ್ಲ. ಅವರು ಕೇಳಿದ ಪ್ರಶ್ನೆ ಇಡೀ ಪ್ರಕರಣದ ತಿರುವು: "ಸುಣ್ಣ ಎಲ್ಲಿಂದ ತರ್ತ್ರಿ?"

ಹಿರಿಯರು ತರುತ್ತಿದ್ದದ್ದು ಚೀಲದ ಪುಡಿ ಸುಣ್ಣವಲ್ಲ. ಸುಟ್ಟ ಸುಣ್ಣದ ಕಲ್ಲು. ಮದ್ದು ಹೊಡೆಸುವ ಹಿಂದಿನ ರಾತ್ರಿ ಅದಕ್ಕೆ ನೀರು ಹಾಕಿ ಅರಳಿಸಿ, ಬೆಳಿಗ್ಗೆ ಬಳಸುತ್ತಿದ್ದರು. ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಕಿಲೋ ಮೈಲುತುತ್ತಕ್ಕೆ ಶುದ್ಧವಾದ, ತಾಜಾ ಅರಳಿದ ಸುಣ್ಣ ಸುಮಾರು 300 ಗ್ರಾಮಿನಷ್ಟು ಸಾಕು. ಒಂದು ಕಿಲೋ ಎನ್ನುವ ಅಳತೆಯಲ್ಲಿ ಸುಣ್ಣದ ಗುಣಮಟ್ಟ ನೆಚ್ಚಿಕೊಳ್ಳಲಾಗದ್ದಕ್ಕೆ ಬಿಟ್ಟ ಅಂತರವೂ ಇದೆ. ಗಾಳಿಗೆ ಬಿದ್ದ ಹಳೆಯ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಸುಡದ ಸುಣ್ಣಕಲ್ಲಿನ ಪುಡಿಯೇ ಆಗಿಬಿಡುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಅಂದರೆ ಹಿರಿಯರ ಮಾತು ಅವರ ಸುಣ್ಣಕ್ಕೆ ನಿಜ, ಅಂಗಡಿ ಮೂಲೆಯ ಚೀಲ ತರುವವರಿಗೆ ಅಪಾಯ. ಹುಳದ ಔಷಧಿ ಬೆರೆಸುವ ಮಾತು ಮಾತ್ರ ಯಾವ ಸುಣ್ಣಕ್ಕೂ ಸರಿಯಲ್ಲ. ಮಾಸ್ತರು ಅದನ್ನೂ ಫೋನಿನಲ್ಲೇ ಹೇಳಿದರು. ಹಿರಿಯರು "ಅದು ಬಿಡಿ, ನಾ ಹಾಗೆ ಮಾಡಿದ್ದೂ ಇಲ್ಲೆ, ಮಾತಿಗೆ ಬಂತು" ಎಂದು ನಕ್ಕರು.

ಇದನ್ನು ಬೋಧಕಿ ಮತ್ತೊಂದು ಉದ್ದದ ಉತ್ತರವಾಗಿ ಗುಂಪಿಗೆ ಹಾಕಬಹುದಿತ್ತು. ಹಾಕಲಿಲ್ಲ, ಅದೇ ಒಳ್ಳೆಯದಾಯಿತು. ಬದಲಿಗೆ ಒಂದು ಕೆಲಸ ಕೊಟ್ಟರು. ಎರಡು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತತ್ತು ಲೀಟರ್ ದ್ರಾವಣ ಮಾಡಬೇಕು. ಎರಡಕ್ಕೂ 100 ಗ್ರಾಂ ಮೈಲುತುತ್ತ. ಒಂದಕ್ಕೆ 100 ಗ್ರಾಂ, ಇನ್ನೊಂದಕ್ಕೆ 50 ಗ್ರಾಂ ಸುಣ್ಣ, ಅವರವರ ಮನೆಯಲ್ಲಿದ್ದದ್ದೇ. ಹೊಳೆಯುವಂತೆ ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ನೋಡಬೇಕು. ಕತ್ತಿಯ ಫೋಟೊ, ಸುಣ್ಣ ಯಾವುದು, ಎಂದು ತಂದದ್ದು, ಇಷ್ಟು ಗುಂಪಿಗೆ ಹಾಕಬೇಕು. (ಅಡುಗೆಮನೆಯ ಮೆಟ್ಟುಗತ್ತಿ ಬೇಡ ಎಂದು ಎರಡನೇ ದಿನ ಸೇರಿಸಬೇಕಾಯಿತು. ಕಾರಣ ಊಹಿಸಬಹುದು.)

ಮೊದಲ ಫೋಟೊ ಹಾಕಲು ಹಿರಿಯರನ್ನೇ ಕೇಳಿದರು. ಎರಡು ಬಕೆಟ್ಟಿನಲ್ಲೂ ಅವರ ಕತ್ತಿ ಸ್ವಚ್ಛ. ಮೂರು ದಿನದಲ್ಲಿ ಹತ್ತೊಂಬತ್ತು ಮಂದಿಯ ಫೋಟೊ ಬಂತು. ಚೀಲದ ಸುಣ್ಣದವರಲ್ಲಿ ಹೆಚ್ಚಿನವರಿಗೆ 50 ಗ್ರಾಮಿನಲ್ಲಿ ಅಲಗು ಕೆಂಪಾಗಿತ್ತು. ಇಬ್ಬರಿಗೆ ಪಾಠದಲ್ಲಿ ಹೇಳಿದ ಪೂರ್ತಿ ಅಳತೆಯಲ್ಲೂ ಕೆಂಪಾಗಿತ್ತು, ಒಬ್ಬರ ಸುಣ್ಣ ಹಿಂದಿನ ವರ್ಷದ್ದು. ಬೋಧಕಿಯ "ಸರಿ ಉತ್ತರ" ಕೂಡ ಆ ಎರಡು ತೋಟಗಳಲ್ಲಿ ಮಿಳ್ಳೆ ಸುಡುತ್ತಿತ್ತು.

ಈ ಮೂರು ದಿನ ಬೋಧಕರು ಪಾಲಿಸಿದ ಶಿಸ್ತು ಗಮನಿಸಬೇಕಾದದ್ದು. ವಿಷಯದ ಬಗ್ಗೆ 24 ಗಂಟೆ ಬಾಯಿ ಬಿಡುವಂತಿಲ್ಲ. ಬರೆಯಬಹುದಾದದ್ದು ಒಬ್ಬರನ್ನು ಇನ್ನೊಬ್ಬರ ಕಡೆ ತಿರುಗಿಸುವ ಮಾತು ಮಾತ್ರ: "ಅಣ್ಣಾ, ನಿಮ್ಮ ಕತ್ತಿ ಕೆಂಪಾಗಿದೆ, ಸಿದ್ದಾಪುರದವರದ್ದು ಆಗಿಲ್ಲ. ಇಬ್ಬರ ಸುಣ್ಣದಲ್ಲಿ ಏನು ವ್ಯತ್ಯಾಸ, ಒಮ್ಮೆ ಕೇಳಿ ನೋಡ್ತೀರಾ?" ಇಂಥ ಸಾಲು ಬರೆಯುವುದು ಉತ್ತರ ಬರೆಯುವುದಕ್ಕಿಂತ ಕಷ್ಟ. "ಚೆನ್ನಾಗಿದೆ, ಧನ್ಯವಾದ" ಎಂಬ ಮೆಚ್ಚುಗೆ ಚರ್ಚೆಯನ್ನು ಅಲ್ಲಿಗೇ ಮುಚ್ಚುತ್ತದೆ, ಹೆಬ್ಬೆರಳೂ ಅಷ್ಟೆ.

ನಾಝಲ್ ಪ್ರಶ್ನೆ ಹಾಗೇ ಉಳಿದಿತ್ತು. ಹಿರಿಯರು ಸುಣ್ಣ ಕಡಿಮೆ ಮಾಡಿದ್ದೇ ಅದಕ್ಕಾಗಿ. ಅದಕ್ಕೆ ಉತ್ತರ ಬೋಧಕಿಯ ಖಾಸಗಿ ಚಾಟಿನಲ್ಲಿ ಬಂತು. ಗುಂಪಿನ ಮಹಿಳೆಯರು ಐದೂ ಮಂದಿ ಬರೆಯುತ್ತಿದ್ದದ್ದು ಅಲ್ಲಿ ಮಾತ್ರ. ಹಳೆಯ ಹತ್ತಿ ಸೀರೆಯನ್ನು ಎರಡು ಪದರ ಮಾಡಿ ಸುಣ್ಣದ ನೀರನ್ನು ಸೋಸಿದರೆ ನಾಝಲ್ ಕಟ್ಟುವುದೇ ಇಲ್ಲ ಎಂದು ಒಬ್ಬರು ಬರೆದಿದ್ದರು. ಅಲ್ಲಿಯವರೆಗೆ ಬೋಧಕಿ ಇಂಥವನ್ನು "ಒಬ್ಬರು ಹೇಳಿದ್ದಾರೆ" ಎಂದು ಗುಂಪಿಗೆ ಹಾಕುತ್ತಿದ್ದರು. ಈ ಸಲ ಕೇಳಿದರು: "ಅಕ್ಕಾ, ನಿಮ್ಮ ಹೆಸರಲ್ಲೇ ಹಾಕಲಾ, ಅಥವಾ ನೀವೇ ಹಾಕ್ತೀರಾ?" ಒಂದು ದಿನ ಬಿಟ್ಟು ಅವರೇ ಹಾಕಿದರು, ಸೋಸುವ ಫೋಟೊ ಜೊತೆ. ಹಿರಿಯರು ಕೆಳಗೆ ಬರೆದದ್ದು ಎರಡೇ ಪದ: "ಇದು ಸರಿ." ಆಮೇಲೆ ಮಹಿಳೆಯರಲ್ಲಿ ಮೂವರು ಗುಂಪಿನಲ್ಲೇ ಬರೆಯತೊಡಗಿದರು. ಇಬ್ಬರು ಕೊನೆಯವರೆಗೂ ಬರೆಯಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ.

ಬೆಳಗಿನ ಒಟ್ಟುಸಾರ

ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವವರಿಗೆ ಒಮ್ಮೆಗೇ ಅರವತ್ತು ಎಪ್ಪತ್ತು ಸಂದೇಶ ಬಂದು ಬೀಳುತ್ತಿದ್ದವು. ಅವರು ಎಲ್ಲವನ್ನೂ ತಳ್ಳಿ ಕೊನೆಯ ಸಂದೇಶಕ್ಕೆ ಹೋಗುತ್ತಾರೆ. ಅಲ್ಲಿ ಏನಿದೆಯೋ ಅದೇ ಅವರ ಪಾಲಿಗೆ ತೀರ್ಮಾನ. ಹಾಗಾಗಿ ನಾಲ್ಕನೇ ವಾರದಿಂದ ಬೆಳಿಗ್ಗೆ ಏಳೂವರೆಗೆ ಹಿಂದಿನ ದಿನದ ಒಟ್ಟುಸಾರ ಹಾಕಿ, ಅದನ್ನು ಗುಂಪಿನ ಮೇಲ್ಭಾಗಕ್ಕೆ ಪಿನ್ ಮಾಡಿದರು. ಫೋನಿನ ಒಂದು ಪರದೆ ಮೀರಬಾರದು. ಜೊತೆಗೆ ಅದನ್ನೇ ಓದಿದ ಒಂದೂವರೆ ನಿಮಿಷದ ಧ್ವನಿ. ಅದರ ಮಾದರಿ ಹೀಗಿತ್ತು:

"ನಿನ್ನೆ ಏಳು ಮಂದಿ ಕತ್ತಿ ಪರೀಕ್ಷೆ ಹಾಕಿದರು. ಕಲ್ಲು ಸುಣ್ಣ ಅರಳಿಸಿದ ಮೂವರಿಗೆ ಎರಡೂ ಬಕೆಟ್ ಸ್ವಚ್ಛ. ಚೀಲದ ಸುಣ್ಣದ ನಾಲ್ವರಲ್ಲಿ ಮೂವರಿಗೆ ಅರ್ಧ ಅಳತೆಯಲ್ಲಿ ಕೆಂಪು. ಯಲ್ಲಾಪುರದವರು ಸುಣ್ಣ ಹಳೆಯದಾದ್ದಕ್ಕೆ ಎನ್ನುತ್ತಾರೆ, ಹೊನ್ನಾವರದವರು ಚೀಲ ತೇವ ಹೀರಿದ್ದಕ್ಕೆ ಎನ್ನುತ್ತಾರೆ. ಈ ವರ್ಷವೇ ತಂದ ಚೀಲ ಯಾರ ಬಳಿ ಇದೆ? ಅವರು ಇಂದು ನೋಡಿ ಹೇಳಬಹುದಾ?"

ಇದರಲ್ಲಿ ಬೋಧಕರ ತೀರ್ಪಿಲ್ಲ. ಯಾರು ಏನಂದರು, ಎಲ್ಲಿ ಭಿನ್ನ, ಮುಂದಿನ ಪ್ರಶ್ನೆ ಯಾವುದು, ಅಷ್ಟೇ. ಇದನ್ನು ಬರೆಯಲು ಮೊದಲು 50 ನಿಮಿಷ ಬೇಕಾಗುತ್ತಿತ್ತು, ರೂಢಿಯಾದ ಮೇಲೆ 20. ಸಾಮಾನ್ಯವಾಗಿ ಕೆಡುವುದು ಎರಡು ಕಡೆ: ಬೋಧಕರಿಗೆ ಹಿಡಿಸಿದ ಮಾತುಗಳನ್ನಷ್ಟೇ ಆರಿಸುವುದು, ಇಲ್ಲವೇ ಎಲ್ಲರ ಹೆಸರೂ ಬರಲೆಂದು ಹಾಜರಿ ಪಟ್ಟಿ ಮಾಡುವುದು.

ಭಾಷೆಯ ತಕರಾರು ಬಗೆಹರಿದದ್ದೂ ಇದರಿಂದಲೇ. ಘಟ್ಟದ ಮೇಲಿನ ಹಲವರು ಧ್ವನಿ ಸಂದೇಶದಲ್ಲಿ ಹವ್ಯಕ ಮಾತಿಗೆ ಜಾರುತ್ತಿದ್ದರು. ಮನೆಯಲ್ಲಿ ಕೊಂಕಣಿ ಆಡುವ ಕರಾವಳಿಯ ಕೆಲವರಿಗೆ "ಎಷ್ಟು ಹಾಕವು" (ಎಷ್ಟು ಹಾಕಬೇಕು) ಎಂಬುದು ಪ್ರಶ್ನೆಯೋ ಆಜ್ಞೆಯೋ ತಿಳಿಯುತ್ತಿರಲಿಲ್ಲ. ಎಲ್ಲರೂ ಪುಸ್ತಕದ ಕನ್ನಡದಲ್ಲೇ ಮಾತಾಡಬೇಕೆಂಬ ಸಲಹೆ ಬಂತು. ಹಾಗೆ ಮಾಡಿದ್ದರೆ ಧ್ವನಿ ಸಂದೇಶಗಳೇ ನಿಲ್ಲುತ್ತಿದ್ದವು. ಮಾತು ಮನೆಯದ್ದೇ ಇರಲಿ, ಒಟ್ಟುಸಾರ ಎಲ್ಲರ ಕನ್ನಡದಲ್ಲಿ ಇರಲಿ ಎಂದು ನಿಶ್ಚಯಿಸಿದರು.

ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

24 ಗಂಟೆಯ ಮೌನ ಎಲ್ಲಕ್ಕೂ ಹೊಂದುವುದಿಲ್ಲ. ಐದನೇ ವಾರ ಯಾರೋ ಕೈಗವಸು, ಕನ್ನಡಕ ಇಲ್ಲದೆ ಕಲ್ಲು ಸುಣ್ಣ ಅರಳಿಸುವ ವೀಡಿಯೊ ಹಾಕಿದಾಗ ಬೋಧಕಿ ಹದಿನೈದು ನಿಮಿಷದಲ್ಲಿ ಬರೆದರು. ನೀರು ಬಿದ್ದೊಡನೆ ಸುಣ್ಣದ ಕಲ್ಲು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಈ ಸಲ ಅಳಿಸಲಿಲ್ಲ. ಆ ವೀಡಿಯೊವನ್ನೇ ಉಲ್ಲೇಖಿಸಿ, ಕಾರಣ ಎರಡು ಸಾಲು, ಮಾಡಬೇಕಾದದ್ದು ಒಂದು ಸಾಲು, ಹಾಕಿದವರಿಗೆ ಪ್ರತ್ಯೇಕ ಫೋನು. ಬೋಧಕರಿಬ್ಬರೂ ತಮಗೆ ತಾವೇ ಹಾಕಿಕೊಂಡ ಪ್ರಶ್ನೆ ಇಷ್ಟು: ನಾಳೆಯೊಳಗೆ ಯಾರಿಗಾದರೂ ಪೆಟ್ಟು ಅಥವಾ ನಷ್ಟ ಆಗಬಹುದೇ? ಹೌದಾದರೆ ಒಂದು ತಾಸಿನೊಳಗೆ ಹೇಳುವುದು. ಇಲ್ಲವಾದರೆ, ತಪ್ಪೇ ಆಗಿದ್ದರೂ, ಬೇರೆ ತೋಟಿಗರು ತಿದ್ದುತ್ತಾರೋ ಎಂದು ಒಂದು ದಿನ ಕಾಯುವುದು. ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದು ಲಾಭವೋ ಮದ್ದು ಹೊಡೆಯುವುದು ಲಾಭವೋ ಎಂಬ ವಾದ ನಾಲ್ಕು ದಿನ ನಡೆಯಿತು, ಬೋಧಕರು ಒಂದೂ ಮಾತಾಡಲಿಲ್ಲ. ಅಳಿಸುವುದನ್ನು ಔಷಧಿ ಅಂಗಡಿಯ ಜಾಹೀರಾತಿಗೆ, ಇನ್ನೊಬ್ಬರ ಫೋನ್ ನಂಬರ್ ಕೇಳದೆ ಹಾಕಿದ್ದಕ್ಕೆ, ಬೈಗುಳಕ್ಕೆ ಮಾತ್ರ ಉಳಿಸಿಕೊಂಡರು.

ಭಾನುವಾರದ ನೇರ ತರಗತಿ ಅಷ್ಟು ಸುಧಾರಿಸಲಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಗಮನಿಸಿದಂತೆ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರಗಳ ಉದ್ದ ಮತ್ತು ಗುಣ ಎರಡೂ ಏರುತ್ತವೆ. ಆನ್‌ಲೈನಿನಲ್ಲಿ ಮೈಕ್ ಬಿಚ್ಚಲು, ಧ್ವನಿ ತಲುಪಲು ಬೇಕಾದ ಸಮಯ ಸೇರಿಸಿದರೆ ಹತ್ತು ಹನ್ನೆರಡು ಸೆಕೆಂಡಾದರೂ ಬೇಕು. ಬೋಧಕಿ ಪ್ರಶ್ನೆ ಕೇಳಿ ನೀರು ಕುಡಿಯುವ ಅಭ್ಯಾಸ ಮಾಡಿಕೊಂಡರು, ಘಟ್ಟದವರು ಮಾತಾಡತೊಡಗಿದರು. ಕರಾವಳಿಯವರು ನೇರ ತರಗತಿಯಲ್ಲಿ ಕೊನೆಯವರೆಗೂ ಕೇಳುಗರಾಗಿಯೇ ಉಳಿದರು.

ಆದದ್ದು

ಆರನೇ ವಾರ ಮಾಸ್ತರು ಮತ್ತೆ ಬಾಣದ ಚಿತ್ರ ಬರೆದಾಗ ಅರ್ಧಕ್ಕಿಂತ ಹೆಚ್ಚು ಬಾಣ ತೋಟಿಗರ ನಡುವೆಯೇ ಇದ್ದವು. ಬೋಧಕಿಯ ಮೂರು ತಾಸು ಒಂದೂಕಾಲಕ್ಕೆ ಇಳಿಯಿತು. 42ರಲ್ಲಿ 27 ಮಂದಿ ಕೊನೆಯ ಕೆಲಸ ಒಪ್ಪಿಸಿದರು. ಗುಂಪು ಬಿಟ್ಟ ಇಬ್ಬರು ಮರಳಲಿಲ್ಲ. ಬೋಧಕರಿಲ್ಲದ ಇನ್ನೊಂದು ಗುಂಪು ಮುಚ್ಚಲಿಲ್ಲ, ಮುಚ್ಚಿಸಲು ಯಾರೂ ಹೋಗಲೂ ಇಲ್ಲ. ಅಲ್ಲಿನ ಮಾತುಗಳನ್ನು ಅಲ್ಲಿರುವವರೇ ಆಗಾಗ ಇಲ್ಲಿಗೆ ತಂದು "ಇದಕ್ಕೆ ಎಂತ ಹೇಳ್ತ್ರಿ?" ಎಂದು ಕೇಳುತ್ತಿದ್ದರು.

ಮರುವರ್ಷದ ತಂಡಕ್ಕೆ ಮೊದಲ ವಾರ ಪಾಠವನ್ನೇ ಇಡಲಿಲ್ಲ. ಪರಿಚಯಕ್ಕೆ ಕೇಳಿದ್ದು ಹೆಸರಲ್ಲ, ತೋಟದ ಒಂದು ಫೋಟೊ ಮತ್ತು ಮೂರು ಉತ್ತರ: ಬಿಸಿಲು ಎಷ್ಟು ಹೊತ್ತು, ಮದ್ದು ಹೊಡೆಯುವವರು ಯಾರು, ಸುಣ್ಣ ಎಂಥದ್ದು. ಮೂಡಲ್‌ನಲ್ಲಿ ತಾನು ಬರೆಯದೆ ಬೇರೆಯವರದ್ದು ಕಾಣದಂತೆ ಮಾಡುವ ಪ್ರಶ್ನೋತ್ತರ ಮಾದರಿಯ ಚರ್ಚೆ ಇದೆ. ಅದನ್ನೂ ಒಮ್ಮೆ ಬಳಸಿದರು. ಬರೆದ ಮೇಲೂ ತಿದ್ದುವ ಅವಧಿ, ಸಾಮಾನ್ಯವಾಗಿ 30 ನಿಮಿಷ, ಮುಗಿಯುವವರೆಗೆ ಉಳಿದವರ ಉತ್ತರ ತೆರೆಯುವುದಿಲ್ಲ. ಅಷ್ಟರಲ್ಲಿ ಸಿಗ್ನಲ್ ಹೋಗಿ, ಕೆಟ್ಟಿದೆ ಎಂದುಕೊಂಡು ಜನ ಬಿಟ್ಟರು. ಮಳೆಗಾಲಕ್ಕೆ ಅದು ಹೊಂದಲಿಲ್ಲ.

ಮೇ ಕೊನೆಯಲ್ಲಿ ಆ ಹಳೆಯ ಧ್ವನಿ ಸಂದೇಶ, ಹಲವು ಬಾರಿ ಫಾರ್ವರ್ಡ್ ಆದ ಗುರುತು ಹೊತ್ತು, ಹೊಸ ತಂಡದ ಗುಂಪಿಗೆ ಬಂತು. ಅದು ಯಾರ ದನಿ ಎಂದು ಹೊಸಬರಿಗೆ ಗೊತ್ತಿರಲಿಲ್ಲ. ಬೋಧಕಿ ಅದನ್ನು ಉಲ್ಲೇಖಿಸಿ, ಅರ್ಧ ಸುಣ್ಣ ಯಾವ ಸುಣ್ಣಕ್ಕೆ ಹೊಂದುತ್ತದೆ, ಔಷಧಿ ಏಕೆ ಬೆರೆಸಬಾರದು ಎಂದು ಮೂರು ಸಾಲು ಬರೆದು, ಹಿಂದಿನ ವರ್ಷದ ಎರಡು ಕತ್ತಿಗಳ ಫೋಟೊ ಹಾಕಿದರು. ಮಾಸ್ತರು ಹಿರಿಯರಿಗೆ ಫೋನು ಮಾಡಿ, ಹೊಸದೊಂದು ಮಾಡಿ ಕೊಡ್ತ್ರಾ ಎಂದು ಕೇಳಿದರು. ಸಂಜೆ ಬಂತು, ಒಂದು ನಿಮಿಷ ಹತ್ತು ಸೆಕೆಂಡು. ಶುರುವಾಗುವುದೇ ಹೀಗೆ: "ಮೊದಲು ನಿಮ್ಮ ಸುಣ್ಣ ಯಾವತ್ತಿಂದು ಹೇಳಿ ನೋಡಿಕೊಳಿ..."